ಪಾಳಿ ಮುಗಿಸಿ ಆಡಲು ಬಂದ ವಿಶ್ವ ಚಾಂಪಿಯನ್ನರು: ಟ್ರೇಲ್ ಸ್ಮೋಕ್ ಈಟರ್ಸ್ ತಂಡದ ಕತೆ

1961ರ ಮಾರ್ಚ್ 12ರಂದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಸೋವಿಯತ್ ಒಕ್ಕೂಟವನ್ನು 5-1ರಿಂದ ಸೋಲಿಸಿ ಕೆನಡಾ ಐಸ್ ಹಾಕಿಯ ವಿಶ್ವ ಚಾಂಪಿಯನ್ ಆಯಿತು. ದಾಖಲೆಗಳಲ್ಲಿ 'ಕೆನಡಾ' ಎಂದಷ್ಟೇ ಇದೆ. ಆದರೆ ಅಂದು ಆಡಿದ್ದು ದೇಶವನ್ನೆಲ್ಲ ಜಾಲಾಡಿ ಆರಿಸಿದ ತಂಡವಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬೆಟ್ಟಗಳ ನಡುವೆ, ಕೊಲಂಬಿಯಾ ನದಿಯ ದಂಡೆಯ ಮೇಲಿರುವ ಟ್ರೇಲ್ ಎಂಬ ಊರಿನ ತಂಡ ಅದು. ಆಗ ಆ ಊರಿನ ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. ಆಟಗಾರರಲ್ಲಿ ಹೆಚ್ಚಿನವರಿಗೆ ಹೊಟ್ಟೆಪಾಡು ಬೇರೆಯೇ ಇತ್ತು. ಯುರೋಪಿನಿಂದ ಮರಳಿದ ಮೇಲೆ ಅವರು ಮತ್ತೆ ಕೆಲಸಕ್ಕೆ ಹಾಜರಾಗಬೇಕಿತ್ತು.

ಇದೇ ತಂಡ 1939ರಲ್ಲೂ ವಿಶ್ವ ಚಾಂಪಿಯನ್ ಆಗಿತ್ತು. ಒಂದು ಸಲ ಗೆದ್ದಿದ್ದರೆ ಅದೃಷ್ಟ ಎಂದು ಬಿಟ್ಟುಬಿಡಬಹುದಿತ್ತು. 22 ವರ್ಷಗಳ ಅಂತರದಲ್ಲಿ, ಎರಡು ಬೇರೆ ಬೇರೆ ತಲೆಮಾರಿನ ಆಟಗಾರರನ್ನಿಟ್ಟುಕೊಂಡು ಒಂದೇ ಊರು ಎರಡು ಸಲ ಗೆದ್ದಿದೆ ಎಂದರೆ ಅದರ ಹಿಂದೆ ಒಂದು ವ್ಯವಸ್ಥೆ ಇರಲೇಬೇಕು. ಆ ವ್ಯವಸ್ಥೆ ಏನು, ಅದು ಹೇಗೆ ಕೆಲಸ ಮಾಡುತ್ತಿತ್ತು, ಯಾಕೆ ನಿಂತುಹೋಯಿತು ಎಂಬುದನ್ನು ಬಿಡಿಸಿ ಹೇಳಲು ಈ ಬರಹ.

ಮೊದಲು ಎರಡು ಪದಗಳನ್ನು ಸರಿಮಾಡಿಕೊಳ್ಳೋಣ. ಕೆನಡಾದ ಹಾಕಿಯಲ್ಲಿ 'ಸೀನಿಯರ್' ಎಂದರೆ ವಯಸ್ಸಾದವರು ಎಂದಲ್ಲ. ಇಪ್ಪತ್ತರ ಆಸುಪಾಸಿನವರೆಗೆ ಆಡುವುದು ಜೂನಿಯರ್ ಹಾಕಿ, ಆ ವಯಸ್ಸು ದಾಟಿದವರ ಹವ್ಯಾಸಿ ಆಟ ಸೀನಿಯರ್ ಹಾಕಿ. 'ಹವ್ಯಾಸಿ' ಎಂದರೂ ಬಿಡುವಿದ್ದಾಗ ಒಂದು ಕೈ ಆಡಿ ಹೋಗುವವರು ಎಂದು ತಿಳಿಯಬೇಡಿ. ಆಟಕ್ಕೆಂದೇ ಸಂಬಳ ಪಡೆಯುವ ವೃತ್ತಿಪರರಲ್ಲ ಎಂದಷ್ಟೇ ಅದರ ಅರ್ಥ. ಬೆಂಗಳೂರಿನ ಐಟಿಐ, ಎಚ್‌ಎಎಲ್ ಫುಟ್‌ಬಾಲ್ ತಂಡಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ಹಾಜರಿ ಪುಸ್ತಕದಲ್ಲಿ ನೌಕರ, ಮೈದಾನದಲ್ಲಿ ಪಳಗಿದ ಆಟಗಾರ.

ಈ ಸೀನಿಯರ್ ಹಾಕಿಯ ತುದಿಯಲ್ಲಿದ್ದದ್ದು ಅಲನ್ ಕಪ್. 1908ರ ಹೊತ್ತಿಗೆ ಪ್ರಸಿದ್ಧ ಸ್ಟ್ಯಾನ್ಲಿ ಕಪ್ ವೃತ್ತಿಪರ ತಂಡಗಳ ಕೈಗೆ ಹೋಗಿತ್ತು. ಹವ್ಯಾಸಿಗಳಿಗೂ ಒಂದು ದೊಡ್ಡ ಬಹುಮಾನ ಇರಲಿ ಎಂದು ಮಾಂಟ್ರಿಯಲ್ಲಿನ ಶ್ರೀಮಂತ ಸರ್ ಮಾಂಟೆಗ್ಯೂ ಅಲನ್ ಆ ವರ್ಷ ಈ ಕಪ್ ಕೊಟ್ಟರು. ಮುಂದೆ ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಐಸ್ ಹಾಕಿ ಶುರುವಾದಾಗ ಅಲ್ಲಿ ವೃತ್ತಿಪರರಿಗೆ ಪ್ರವೇಶವಿರಲಿಲ್ಲ. ಹಾಗಾದರೆ ಕೆನಡಾದ ಪರವಾಗಿ ಯಾರು ಹೋಗಬೇಕು? ಅಲನ್ ಕಪ್ ಗೆದ್ದ ಕ್ಲಬ್ ಹೋಗಲಿ ಎಂಬ ರೂಢಿ ಬಂತು. ಹಾಗೆ ಹೋದ ಮೊದಲ ತಂಡ ವಿನ್ನಿಪೆಗ್ ಫಾಲ್ಕನ್ಸ್, 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿಗೆ, ಚಿನ್ನವನ್ನೂ ತಂದಿತು. ಗೆದ್ದವರಿಗೆ ಹೋಗಲಾಗದಿದ್ದರೆ ಎರಡನೆಯವರು, ಅವರೂ ಒಲ್ಲೆನೆಂದರೆ ಮತ್ತೊಬ್ಬರು. ರಾಷ್ಟ್ರೀಯ ತಂಡ ಎಂಬ ಕಲ್ಪನೆಯೇ ಇರಲಿಲ್ಲ. ಊರಿನ ಕ್ಲಬ್ಬೇ ಅಂಗಿ ಬದಲಿಸಿಕೊಂಡು ದೇಶವಾಗುತ್ತಿತ್ತು.

ನಿಯಮವೇನೋ ಎಲ್ಲ ಊರಿಗೂ ಒಂದೇ. ಟ್ರೇಲ್ ಅದನ್ನು ಬಳಸಿಕೊಂಡ ಬಗೆ ಗೊತ್ತಾಗಬೇಕಾದರೆ ಆ ಊರಿನ ಕುಲುಮೆಯನ್ನು ನೋಡಬೇಕು.

ಚಿಮಣಿಯ ನೆರಳಿನ ಊರು

ಟ್ರೇಲ್‌ಗೆ ಹತ್ತಿರದಲ್ಲೇ, ಬೆಟ್ಟದ ಮೇಲೆ ರಾಸ್‌ಲ್ಯಾಂಡ್ ಎಂಬ ಊರಿದೆ. 1890ರ ದಶಕದಲ್ಲಿ ಅಲ್ಲಿ ಚಿನ್ನ ಮತ್ತು ತಾಮ್ರದ ಅದಿರು ಸಿಕ್ಕಿತು. ಆ ಅದಿರು ಕರಗಿಸಲು 1896ರಲ್ಲಿ ಫ್ರಿಟ್ಜ್ ಹೈಂಜಿ ಎಂಬ ಅಮೆರಿಕನ್ ಉದ್ಯಮಿ ಕೆಳಗೆ ನದಿಯ ಪಕ್ಕ ಕುಲುಮೆ ಕಟ್ಟಿಸಿದ. ಎರಡೇ ವರ್ಷದಲ್ಲಿ ಅದನ್ನು ಕೆನಡಿಯನ್ ಪೆಸಿಫಿಕ್ ರೈಲ್ವೆ ಕೊಂಡಿತು. 1906ರಲ್ಲಿ ಹುಟ್ಟಿದ ಗಣಿ ಕಂಪನಿಯೊಂದರ ಭಾಗವಾದ ಈ ಕಾರ್ಖಾನೆ ಮುಂದೆ ಕೋಮಿಂಕೋ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯವಾಯಿತು. ಸೀಸ, ಸತು ಕರಗಿಸುವಲ್ಲಿ ಜಗತ್ತಿನ ದೊಡ್ಡ ಕಾರ್ಖಾನೆಗಳ ಸಾಲಿಗೆ ಸೇರಿತು. ಅದಿರು ಬರುತ್ತಿದ್ದದ್ದು ಪೂರ್ವಕ್ಕಿರುವ ಕಿಂಬರ್ಲಿಯ ಸಲ್ಲಿವನ್ ಗಣಿಯಿಂದ. ಈ ಕಿಂಬರ್ಲಿಯನ್ನು ನೆನಪಿಟ್ಟುಕೊಳ್ಳಿ, ಹಾಕಿಯ ಕತೆಯಲ್ಲಿ ಅದಕ್ಕೂ ಒಂದು ಪಾತ್ರವಿದೆ.

ಕಾರ್ಖಾನೆಯ ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದರು. ಇಟಲಿಯವರು ಹೆಚ್ಚು. ಊರಿನ ಒಂದು ಕಿರಿದಾದ ಕಣಿವೆಯಲ್ಲಿ ಅವರ ಮನೆಗಳು ಮೆಟ್ಟಿಲುಮೆಟ್ಟಿಲಾಗಿ ಏರಿದವು. ಸ್ಮೋಕ್ ಈಟರ್ಸ್ ಆಟಗಾರರ ಪಟ್ಟಿ ಓದಿದರೆ ಸ್ಕೋಡೆಲ್ಲಾರೊ, ಲೆನಾರ್ಡನ್, ಟಾಂಬೆಲ್ಲಿನಿ ಎಂಬ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಇಟಲಿ ಬಿಟ್ಟು ಬಂದ ಮನೆಗಳ ಮಕ್ಕಳು ಕೆನಡಾದ ಚಳಿಗಾಲದ ಆಟವನ್ನು ತಮ್ಮದಾಗಿಸಿಕೊಂಡ ಬಗೆ ಆ ಹೆಸರುಗಳಲ್ಲೇ ಇದೆ.

ಆ ಕಾರ್ಖಾನೆಯ ಹೊಗೆ ಕೂಡ ಇತಿಹಾಸಕ್ಕೆ ಸೇರಿದೆ. ಇಪ್ಪತ್ತರ ದಶಕದಲ್ಲಿ ಉತ್ಪಾದನೆ ಹೆಚ್ಚಿತು, 409 ಅಡಿ ಎತ್ತರದ ಚಿಮಣಿಗಳು ಎದ್ದವು. ಗಂಧಕದ ಡೈಆಕ್ಸೈಡ್ ತುಂಬಿದ ಹೊಗೆ ನದಿಯ ಕಣಿವೆ ಹಿಡಿದು ತೆಂಕಣಕ್ಕೆ ಸಾಗಿ, ಹತ್ತಾರು ಕಿಲೋಮೀಟರಿನೊಳಗೇ ಇದ್ದ ಗಡಿ ದಾಟಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ರೈತರ ಬೆಳೆ ಮತ್ತು ಮರಗಳನ್ನು ಸುಟ್ಟಿತು. ಎರಡು ದೇಶಗಳ ನಡುವಿನ ಈ ವ್ಯಾಜ್ಯ ಪಂಚಾಯ್ತಿ ನ್ಯಾಯಮಂಡಳಿಯ ಮುಂದೆ ಹೋಯಿತು. 1938ರಲ್ಲಿ ಮೊದಲ ತೀರ್ಪು, 1941ರಲ್ಲಿ ಕೊನೆಯದು. ತನ್ನ ನೆಲದಿಂದ ಹೊರಟ ಹೊಗೆಯಿಂದ ಪಕ್ಕದ ದೇಶಕ್ಕೆ ಗಂಭೀರ ಹಾನಿ ಮಾಡುವ ಹಕ್ಕು ಯಾವ ದೇಶಕ್ಕೂ ಇಲ್ಲ ಎಂದು ಆ ಮಂಡಳಿ ಹೇಳಿದ ಮಾತನ್ನು ಅಂತರರಾಷ್ಟ್ರೀಯ ಪರಿಸರ ಕಾನೂನು ಓದುವ ವಿದ್ಯಾರ್ಥಿಗಳು ಇಂದಿಗೂ 'ಟ್ರೇಲ್ ಸ್ಮೆಲ್ಟರ್ ಪ್ರಕರಣ' ಎಂದು ಓದುತ್ತಾರೆ, ನಮ್ಮ ಕಾನೂನು ಕಾಲೇಜುಗಳಲ್ಲೂ. ಕಂಪನಿ ಗಂಧಕವನ್ನು ಗಾಳಿಗೆ ಬಿಡುವ ಬದಲು ಹಿಡಿದು ಆಮ್ಲ ಮಾಡಿ, ಅದರಿಂದ ರಸಗೊಬ್ಬರ ತಯಾರಿಸತೊಡಗಿತು. ಆ ಗೊಬ್ಬರದ ಚೀಲದ ಮೇಲಿದ್ದದ್ದು ಆನೆಯ ಗುರುತು.

ಇಂಥ ಊರಿನ ಹಾಕಿ ತಂಡಕ್ಕೆ 'ಸ್ಮೋಕ್ ಈಟರ್ಸ್', ಅಂದರೆ ಹೊಗೆ ತಿನ್ನುವವರು, ಎಂಬ ಹೆಸರು ಬಂದದ್ದು ಚಿಮಣಿಯಿಂದಲೇ ಎಂದು ಯಾರಾದರೂ ಊಹಿಸುತ್ತಾರೆ. ಊರಿನಲ್ಲಿ ಹೇಳುವ ಕತೆ ಬೇರೆ. ವ್ಯಾಂಕೂವರ್ ತಂಡದೊಡನೆ ನಡೆದ ಒಂದು ಜಿದ್ದಿನ ಪಂದ್ಯದಲ್ಲಿ ರೆಫರಿಯ ತೀರ್ಮಾನಕ್ಕೆ ಸಿಟ್ಟಾದ ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನೆಲ್ಲ ಐಸ್ ಮೇಲೆ ಎಸೆದರಂತೆ. ಅದರಲ್ಲಿ ಒಂದು ತಂಬಾಕಿನ ಪೈಪೂ ಇತ್ತು, ಇನ್ನೂ ಆರಿರಲಿಲ್ಲ. ಟ್ರೇಲ್ ಆಟಗಾರನೊಬ್ಬ ಅದನ್ನೆತ್ತಿ ಬಾಯಿಗಿಟ್ಟು, ಹೊಗೆ ಬಿಡುತ್ತ ಜಾರಿಕೊಂಡು ಹೋದ. ಅದನ್ನು ಕಂಡ ಪತ್ರಿಕೆಯ ವ್ಯಂಗ್ಯಚಿತ್ರಕಾರ ಇವರಿಗೆ ಈ ಹೆಸರು ಅಂಟಿಸಿದ. ಹೊರಗಿನವರು ಕೊಟ್ಟ ಅಡ್ಡಹೆಸರನ್ನು ಟ್ರೇಲ್ ತಲೆಯ ಮೇಲೆ ಹೊತ್ತುಕೊಂಡಿತು. ಹೆಸರು ಹುಟ್ಟಿದ್ದು ಪೈಪಿನಿಂದಲೇ ಇರಬಹುದು, ಆದರೆ ಅದು ಉಳಿದದ್ದು ಚಿಮಣಿಯಿಂದ ಎಂದು ನನಗನ್ನಿಸುತ್ತದೆ. ದಿನವೂ ಹೊಗೆ ಕುಡಿಯುವ ಊರಿಗೆ ಅದು ತನ್ನದೇ ಹೆಸರು ಎನಿಸಿರಬೇಕು.

ಕೆಲಸವೇ ಸಂಬಳ

ಟ್ರೇಲ್ ತಂಡ ಹೇಗೆ ಬಲಿಷ್ಠವಾಯಿತು ಎಂಬುದರ ಕೀಲಿ ಇಲ್ಲಿದೆ. ಕಂಪನಿ ಆಟಕ್ಕೆ ದುಡ್ಡು ಕೊಡುವಂತಿಲ್ಲ, ಕೊಟ್ಟರೆ ಆಟಗಾರ ಹವ್ಯಾಸಿಯಾಗಿ ಉಳಿಯುವುದಿಲ್ಲ. ಆದರೆ ಕೆಲಸ ಕೊಡಬಹುದು. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಕೆನಡಾದ ಬಯಲು ಸೀಮೆಯ ಊರೂರುಗಳಲ್ಲಿ ತರುಣರು ಕೆಲಸವಿಲ್ಲದೆ ಅಲೆಯುತ್ತಿದ್ದರು. ಆ ಹೊತ್ತಿನಲ್ಲಿ ಸೀಸ, ಸತುವಿನ ಕಾರ್ಖಾನೆಯಲ್ಲಿ ಒಂದು ಖಾಯಂ ಕೆಲಸ ಎಂದರೆ ಚಿನ್ನದ ಹಾಗೆ. ಚೆನ್ನಾಗಿ ಹಾಕಿ ಆಡುವವನಿಗೆ ಟ್ರೇಲ್‌ನಲ್ಲೂ ಕಿಂಬರ್ಲಿಯಲ್ಲೂ ಕೆಲಸದ ಬಾಗಿಲು ಸ್ವಲ್ಪ ಬೇಗ ತೆರೆಯುತ್ತಿತ್ತು. ಬಂದವನು ಹಗಲು ಪಾಳಿ ಮುಗಿಸಿ ಸಂಜೆ ಅಭ್ಯಾಸ ಮಾಡುತ್ತಿದ್ದ. ಮದುವೆಯಾಗಿ, ಮನೆ ಮಾಡಿ, ಅಲ್ಲಿಯವನೇ ಆಗಿಬಿಡುತ್ತಿದ್ದ. ಹೀಗೆ ಹೊರಗಿನಿಂದ ಬಂದವರೂ ಕಣಿವೆಯಲ್ಲೇ ಹುಟ್ಟಿ ಬೆಳೆದ ಹುಡುಗರೂ ಕೂಡಿ ತಂಡವಾಯಿತು.

ಇದರ ಫಲ ಬೇಗ ಕಂಡಿತು. 1936ರಲ್ಲಿ ಅಲನ್ ಕಪ್ ಗೆದ್ದದ್ದು ಕಿಂಬರ್ಲಿ ಡೈನಮೈಟರ್ಸ್. ಗಣಿಯ ಊರಿನ ತಂಡಕ್ಕೆ ಎಂಥ ಒಪ್ಪುವ ಹೆಸರು! ಮರುವರ್ಷ ಅವರು ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್ನರೂ ಆದರು. 1938ರಲ್ಲಿ ಟ್ರೇಲ್‌ನ ಸರದಿ. ಕಾರ್ನ್‌ವಾಲ್ ಫ್ಲೈಯರ್ಸ್ ತಂಡವನ್ನು ಸೋಲಿಸಿ ಸ್ಮೋಕ್ ಈಟರ್ಸ್ ಅಲನ್ ಕಪ್ ಎತ್ತಿದರು. ಒಂದೇ ಕಂಪನಿಯ ಎರಡು ಊರು, ಒಂದು ಅದಿರು ಅಗೆಯುತ್ತದೆ, ಇನ್ನೊಂದು ಕರಗಿಸುತ್ತದೆ. ಮೂರು ವರ್ಷದೊಳಗೆ ಎರಡೂ ದೇಶದ ಚಾಂಪಿಯನ್ನರು, ಎರಡೂ ಜಗತ್ತಿನ ಚಾಂಪಿಯನ್ನರು. ಕೆನಡಾದ ಹಾಕಿ ಇತಿಹಾಸದಲ್ಲಿ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು ಎಂದು ನನ್ನ ಆಸೆ.

1939ರ ಫೆಬ್ರುವರಿಯಲ್ಲಿ ಬಾಸೆಲ್ ಮತ್ತು ಜ್ಯೂರಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರೇಲ್ ಎಂಟು ಪಂದ್ಯ ಆಡಿ ಎಂಟನ್ನೂ ಗೆದ್ದಿತು. ಹೊಡೆದ ಗೋಲು 42, ಬಿಟ್ಟುಕೊಟ್ಟದ್ದು ಒಂದೇ ಒಂದು. ಡ್ಯೂಕ್ ಸ್ಕೋಡೆಲ್ಲಾರೊ ಗೋಲಿಯಾಗಿದ್ದ (ಅಂದರೆ ಗೋಲ್‌ಕೀಪರ್ ಆಗಿದ್ದ) ಆ ತಂಡದ ಎದುರು ಆ ಒಂದು ಗೋಲು ಹೊಡೆದದ್ದು ಚೆಕೊಸ್ಲೊವಾಕಿಯಾ, 2-1ರಲ್ಲಿ ಮುಗಿದ ಪಂದ್ಯದಲ್ಲಿ. ಆ ಸಂಖ್ಯೆಯ ಹಿಂದೆ ಒಂದು ನೋವೂ ಇದೆ. ಫೆಬ್ರುವರಿ 12ಕ್ಕೆ ಪಂದ್ಯಾವಳಿ ಮುಗಿಯಿತು. ಮಾರ್ಚ್ 15ರಂದು ಹಿಟ್ಲರನ ಸೈನ್ಯ ಪ್ರಾಗ್ ಹೊಕ್ಕಿತು. ಟ್ರೇಲ್‌ಗೆ ಗೋಲು ಹೊಡೆದ ದೇಶವೇ ಭೂಪಟದಿಂದ ಅಳಿಸಿಹೋಗಿತ್ತು. ಸೆಪ್ಟೆಂಬರಿನಲ್ಲಿ ಮಹಾಯುದ್ಧ ಶುರುವಾಯಿತು, ಮುಂದಿನ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1947ರಲ್ಲಿ.

ಎದುರಾಳಿ ಬದಲಾದ

ಯುದ್ಧದ ಮುಂಚೆ ಕೆನಡಾದ ಯಾವುದೇ ಒಳ್ಳೆಯ ಸೀನಿಯರ್ ತಂಡ ಯುರೋಪಿಗೆ ಹೋದರೂ ಗೆದ್ದು ಬರುವುದೇ ಹೆಚ್ಚು. ಯುದ್ಧದ ನಂತರವೂ ಕೆಲಕಾಲ ಹಾಗೇ ನಡೆಯಿತು. 1950ರಲ್ಲಿ ಎಡ್ಮಂಟನ್ ಮರ್ಕ್ಯುರೀಸ್ ವಿಶ್ವ ಚಾಂಪಿಯನ್, 1951ರಲ್ಲಿ ಲೆತ್‌ಬ್ರಿಜ್ ಮೇಪಲ್ ಲೀಫ್ಸ್, 1952ರಲ್ಲಿ ಮತ್ತೆ ಮರ್ಕ್ಯುರೀಸ್ ಓಸ್ಲೋ ಒಲಿಂಪಿಕ್ಸಿನ ಚಿನ್ನ.

1954ರಲ್ಲಿ ಸ್ಟಾಕ್‌ಹೋಮ್‌ಗೆ ಸೋವಿಯತ್ ತಂಡ ಮೊದಲ ಬಾರಿಗೆ ಬಂತು. ಕೆನಡಾ ಕಳಿಸಿದ್ದು ಟೊರಾಂಟೊ ಬಳಿಯ ಈಸ್ಟ್ ಯಾರ್ಕ್ ಲಿಂಡ್‌ಹರ್ಸ್ಟ್ಸ್ ಎಂಬ ಕೆಳಗಿನ ದರ್ಜೆಯ ತಂಡವನ್ನು. ಸೋವಿಯತ್ 7-2ರಿಂದ ಗೆದ್ದಾಗ ಕೆನಡಾ ದಂಗಾಯಿತು. ಮರುವರ್ಷ ಪೆಂಟಿಕ್ಟನ್ ವೀಸ್, ಇದೂ ಬ್ರಿಟಿಷ್ ಕೊಲಂಬಿಯಾದ್ದೇ, ಹಣ್ಣಿನ ತೋಟಗಳ ಒಂದು ಸಣ್ಣ ಊರಿನ ತಂಡ, ಜರ್ಮನಿಯ ಕ್ರೆಫೆಲ್ಡ್‌ನಲ್ಲಿ ಸೋವಿಯತ್ತನ್ನು 5-0ಯಿಂದ ಸೋಲಿಸಿ ಮಾನ ಉಳಿಸಿತು. ಆದರೆ 1956ರ ಒಲಿಂಪಿಕ್ ಚಿನ್ನ ಸೋವಿಯತ್‌ಗೆ ಹೋಯಿತು. 1958ರಲ್ಲಿ ವಿಟ್ಬಿ ಡನ್ಲಪ್ಸ್, 1959ರಲ್ಲಿ ಬೆಲ್‌ವಿಲ್ ಮ್ಯಾಕ್‌ಫಾರ್ಲೆಂಡ್ಸ್ ಕೆನಡಾಕ್ಕೆ ಮತ್ತೆ ಗೆಲುವು ತಂದರು. ಪ್ರತಿ ಸಲ ಇನ್ನಷ್ಟು ಬೆವರು ಸುರಿಸಬೇಕಾಯಿತು.

ಯಾಕೆ ಎಂಬುದು ಸರಳ. ಸೋವಿಯತ್ ಆಟಗಾರರೂ ಕಾಗದದ ಮೇಲೆ ಹವ್ಯಾಸಿಗಳು. ಉತ್ತಮರಲ್ಲಿ ಬಹಳಷ್ಟು ಮಂದಿ ಮಾಸ್ಕೋದ ಸೈನ್ಯದ ಕ್ಲಬ್ಬಿನವರು, ಹುದ್ದೆಯ ಹೆಸರು ಸೈನಿಕ. ಆದರೆ ಅವರ ದಿನದ ಕೆಲಸವೇ ಹಾಕಿ. ವರ್ಷವಿಡೀ ಒಂದೇ ತರಬೇತುದಾರನ ಕೈಕೆಳಗೆ, ಬೇಸಿಗೆಯಲ್ಲೂ ಮೈ ಹುರಿಗೊಳಿಸುತ್ತ, ಒಬ್ಬರಿಗೊಬ್ಬರು ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲಿಗಿರುವ ಬಿಲ್ಲೆ) ದಾಟಿಸುವುದನ್ನು ಸಾವಿರ ಸಲ ಮಾಡಿ ಮಾಡಿ ಕಲಿತಿದ್ದರು. ಟ್ರೇಲ್‌ನ ಕಂಪನಿಯೂ ಸೋವಿಯತ್ ಸೈನ್ಯವೂ ಒಂದೇ ಉಪಾಯ ಹೂಡಿದ್ದವು: ಆಟಗಾರನಿಗೆ ಬೇರೆ ಹೆಸರಿನಲ್ಲಿ ಅನ್ನ. ವ್ಯತ್ಯಾಸವೆಂದರೆ ಟ್ರೇಲ್‌ನ ಆಟಗಾರ ನಿಜವಾಗಿಯೂ ಆ ಬೇರೆ ಕೆಲಸವನ್ನೂ ಮಾಡಬೇಕಿತ್ತು.

ಅಷ್ಟಾದರೂ ಕೆನಡಾದ ಸಣ್ಣ ಊರುಗಳು ಯಾಕೆ ಇನ್ನೂ ಗೆಲ್ಲುತ್ತಿದ್ದವು? ವೃತ್ತಿಪರ ಹಾಕಿಯ ಗಣಿತದಲ್ಲಿ ಉತ್ತರವಿದೆ. 1942ರಿಂದ 1967ರವರೆಗೆ ಎನ್‌ಎಚ್‌ಎಲ್ ಎಂಬ ದೊಡ್ಡ ಲೀಗಿನಲ್ಲಿ ಇದ್ದದ್ದು ಆರೇ ತಂಡ. ಒಂದೊಂದರಲ್ಲಿ ಇಪ್ಪತ್ತರ ಆಸುಪಾಸು ಆಟಗಾರರು ಎಂದರೂ ಒಟ್ಟು ನೂರಿಪ್ಪತ್ತು ಜಾಗ. ದೇಶದಲ್ಲಿ ಆ ಮಟ್ಟಕ್ಕೆ ಕೂದಲೆಳೆಯಷ್ಟು ಕೆಳಗಿದ್ದವರು ನೂರಾರು. ಅವರ ಮುಂದೆ ಎರಡು ದಾರಿ: ಕೆಳಗಿನ ವೃತ್ತಿಪರ ಲೀಗುಗಳಲ್ಲಿ ಊರೂರು ಅಲೆಯುತ್ತ ಮುಂದೊಂದು ದಿನ ಕರೆ ಬರಬಹುದೆಂದು ಕಾಯುವುದು, ಇಲ್ಲವೇ ಟ್ರೇಲ್‌ನಂಥ ಊರಲ್ಲಿ ಖಾಯಂ ಕೆಲಸ ಹಿಡಿದು ಸೀನಿಯರ್ ಹಾಕಿ ಆಡುವುದು. ಹೆಂಡತಿ ಮಕ್ಕಳಿದ್ದವನಿಗೆ ಎರಡನೆಯದೇ ಲೇಸು. ಒಮ್ಮೆ ವೃತ್ತಿಪರನಾಗಿದ್ದವನೂ ಮರಳಿ ಬಂದು ಹವ್ಯಾಸಿಯೆಂದು ಮಾನ್ಯತೆ ಪಡೆಯುವ ಅವಕಾಶವನ್ನು ಕೆನಡಾದ ಹವ್ಯಾಸಿ ಹಾಕಿ ಸಂಘ ಇಟ್ಟಿತ್ತು. ಹೀಗೆ ಸಣ್ಣ ಊರಿನ ತಂಡಗಳಲ್ಲಿ ನಿಜವಾದ ಪ್ರತಿಭೆ ತುಂಬಿಕೊಂಡಿತ್ತು.

ಟ್ರೇಲ್ ಆಡುತ್ತಿದ್ದದ್ದು ಪಶ್ಚಿಮದ ಒಂದು ಪುಟ್ಟ ಲೀಗಿನಲ್ಲಿ, ನೆಲ್ಸನ್, ರಾಸ್‌ಲ್ಯಾಂಡ್, ಕಿಂಬರ್ಲಿ, ಗಡಿಯಾಚೆಯ ಸ್ಪೋಕೇನ್ ತಂಡಗಳೊಡನೆ. ಚಳಿಗಾಲದ ಕಣಿವೆಯ ರಸ್ತೆಗಳಲ್ಲಿ ಹಿಮ ಸೀಳಿಕೊಂಡು ಪಕ್ಕದೂರಿಗೆ ಹೋಗಿ ಆಡಿ ಬರುವುದು. ಎದುರಾಳಿ ತಂಡದವನೂ ಅದೇ ಕಂಪನಿಯ ನೌಕರ ಆಗಿರುವುದುಂಟು. 1949ರಲ್ಲಿ ತೆರೆದ ಕೋಮಿಂಕೋ ಅರೀನಾದಲ್ಲಿ ಊರಿನವರೆಲ್ಲ ಸೇರುತ್ತಿದ್ದರು. ಐಸ್ ಮೇಲೆ ಓಡುತ್ತಿರುವವನನ್ನು ಅವರು ಹಗಲು ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಇಗರ್ಜಿಯಲ್ಲಿ ಕಂಡಿರುತ್ತಿದ್ದರು. ತಪ್ಪು ಪಾಸ್ ಕೊಟ್ಟವನಿಗೆ ಮರುದಿನ ಪಾಳಿಯಲ್ಲಿ ವಿವರಣೆ ಕೊಡದೆ ಬಿಡುಗಡೆ ಎಲ್ಲಿಯದು.

1961

1960ರ ಅಲನ್ ಕಪ್ ಫೈನಲ್‌ನಲ್ಲಿ ಟ್ರೇಲ್ ಗೆಲ್ಲಲಿಲ್ಲ. ಅವರನ್ನು ಸೋಲಿಸಿದ್ದು ಒಂಟಾರಿಯೊದ ಚಾಥಮ್ ಮರೂನ್ಸ್. ಆದರೆ 1961ರ ವಿಶ್ವ ಚಾಂಪಿಯನ್‌ಷಿಪ್‌ಗೆ ಚಾಥಮ್ ಹೋಗಲಿಲ್ಲ, ಅವಕಾಶ ಎರಡನೆಯವರಿಗೆ ಬಂತು. ಬಾಬಿ ಕ್ರಾಮ್ ಆಗ ಆಡುತ್ತಲೇ ತಂಡದ ತರಬೇತುದಾರನೂ ಆಗಿದ್ದರು. ಮುಂದೆ ಇವರು ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡವನ್ನು ನಡೆಸಿ, 1978ರಲ್ಲಿ ಎನ್‌ಎಚ್‌ಎಲ್‌ನ ವರ್ಷದ ತರಬೇತುದಾರ ಎನಿಸಿಕೊಂಡವರು. ಊರಿನ ಆಟಗಾರರ ಜೊತೆಗೆ ಹೊರಗಿನ ಕೆಲವರನ್ನೂ ಸೇರಿಸಿಕೊಂಡರು; ಹಿಂದೆ ನ್ಯೂಯಾರ್ಕ್ ರೇಂಜರ್ಸ್ ಪರ ಆಡಿದ್ದ ಜ್ಯಾಕಿ ಮೆಕ್‌ಲಾಯ್ಡ್ ಅವರಲ್ಲೊಬ್ಬರು. ಇದು ಎಲ್ಲ ಕ್ಲಬ್ಬುಗಳೂ ಮಾಡುತ್ತಿದ್ದದ್ದೇ, ನಿಯಮ ಮೀರಿದ್ದೇನಲ್ಲ.

ಗೋಲಿಯ ಜಾಗದಲ್ಲಿದ್ದದ್ದು ಸೆತ್ ಮಾರ್ಟಿನ್. ರಾಸ್‌ಲ್ಯಾಂಡಿನಲ್ಲಿ ಹುಟ್ಟಿದವರು, ಉದ್ಯೋಗ ಅಗ್ನಿಶಾಮಕ ದಳದಲ್ಲಿ. ಬೆಂಕಿ ಆರಿಸುವವರನ್ನು ಅಲ್ಲಿನ ಆಡುಮಾತಿನಲ್ಲಿ 'ಸ್ಮೋಕ್ ಈಟರ್' ಎಂದೇ ಕರೆಯುವುದರಿಂದ ಇವರು ಎರಡು ಪಟ್ಟು ಹೊಗೆ ತಿನ್ನುವವರು. ಗೋಲಿಗಳು ಮುಖಕ್ಕೆ ಏನೂ ಹಾಕಿಕೊಳ್ಳದೆ ನಿಲ್ಲುವುದೇ ರೂಢಿಯಾಗಿದ್ದ ಕಾಲದಲ್ಲಿ ಮಾರ್ಟಿನ್ ಫೈಬರ್‌ಗ್ಲಾಸ್‌ನಿಂದ ತಾವೇ ಮುಖವಾಡ ಮಾಡಿಕೊಂಡರು, ಬೇರೆ ಗೋಲಿಗಳಿಗೂ ಮಾಡಿಕೊಟ್ಟರು.

ಸ್ವಿಟ್ಜರ್ಲೆಂಡಿನಲ್ಲಿ ಎಂಟು ತಂಡ, ಒಬ್ಬೊಬ್ಬರಿಗೂ ಏಳು ಪಂದ್ಯ. ಟ್ರೇಲ್ ಸ್ವೀಡನ್ನನ್ನು 6-1ರಿಂದ, ಪಶ್ಚಿಮ ಜರ್ಮನಿಯನ್ನು 9-1ರಿಂದ, ಫಿನ್ಲೆಂಡನ್ನು 12-1ರಿಂದ ಸೋಲಿಸಿತು. ಅಮೆರಿಕ 7-4, ಪೂರ್ವ ಜರ್ಮನಿ 5-2. ಚೆಕೊಸ್ಲೊವಾಕಿಯಾ ಎದುರು ಮಾತ್ರ 1-1, ಸಮ. ಚೆಕೊಸ್ಲೊವಾಕಿಯಾದವರು ಸೋವಿಯತ್ತನ್ನು 6-4ರಿಂದ ಮಣಿಸಿದ್ದರು, ಯಾರಿಗೂ ಸೋತಿರಲಿಲ್ಲ. ಹಾಗಾಗಿ ಕೊನೆಯ ದಿನ ಕೆನಡಾಕ್ಕೆ ಸಮ ಮಾಡಿಕೊಂಡರೂ ಸಾಲುತ್ತಿರಲಿಲ್ಲ. ಸೋವಿಯತ್ತನ್ನು ಗೆಲ್ಲಲೇಬೇಕಿತ್ತು.

ಗೆದ್ದರು, 5-1ರಿಂದ. ಟ್ರೇಲ್ ಹುಡುಗ ನಾರ್ಮ್ ಲೆನಾರ್ಡನ್ ಕೊನೆಗೆ ಹೊಡೆದ ಐದನೆಯ ಗೋಲನ್ನು ಆ ಊರು ಇನ್ನೂ ಮರೆತಿಲ್ಲ. ಕೆನಡಾ, ಚೆಕೊಸ್ಲೊವಾಕಿಯಾ ಎರಡಕ್ಕೂ 13 ಅಂಕ, ತಮ್ಮಿಬ್ಬರ ಪಂದ್ಯ ಸಮ. ಗೋಲುಗಳ ಲೆಕ್ಕ ತೆಗೆದಾಗ ಕೆನಡಾದ್ದು 45 ಹೊಡೆದು 11 ಬಿಟ್ಟದ್ದು, ಚೆಕೊಸ್ಲೊವಾಕಿಯಾದ್ದು 33 ಹೊಡೆದು 9 ಬಿಟ್ಟದ್ದು. ಚಿನ್ನ ಟ್ರೇಲ್‌ಗೆ. ಮಾರ್ಟಿನ್‌ಗೆ ಪಂದ್ಯಾವಳಿಯ ಅತ್ಯುತ್ತಮ ಗೋಲಿ ಎಂಬ ಗೌರವ. ಅದೇ ಗೌರವ ಅವರಿಗೆ 1963, 1964 ಮತ್ತು 1966ರಲ್ಲೂ ಬಂತು. ಮುಂದೆ ಸೋವಿಯತ್ತಿನ ಮಹಾನ್ ಗೋಲಿ ಎನಿಸಿದ ವ್ಲಾದಿಸ್ಲಾವ್ ತ್ರೆತ್ಯಾಕ್ ತಮಗೆ ಆದರ್ಶವಾಗಿದ್ದವರು ಎಂದು ಹೇಳಿಕೊಂಡದ್ದು ಈ ಸೆತ್ ಮಾರ್ಟಿನ್‌ರನ್ನು. ಕೆನಡಾದೊಳಗೆ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಬ್ಬ ಅಗ್ನಿಶಾಮಕ ನೌಕರ ಮಾಸ್ಕೋದ ಹುಡುಗರಿಗೆ ದೊಡ್ಡ ಹೆಸರಾಗಿದ್ದರು.

ಕೊಂಡಿ ಕಳಚಿದ್ದು

1962ರಲ್ಲಿ ಟ್ರೇಲ್ ಮತ್ತೆ ಅಲನ್ ಕಪ್ ಗೆದ್ದಿತು. ಈ ಸಲ ಯಾರ ಬದಲಿಗೂ ಅಲ್ಲ, ತನ್ನದೇ ಹಕ್ಕಿನಿಂದ 1963ರಲ್ಲಿ ಸ್ಟಾಕ್‌ಹೋಮ್‌ಗೆ ಹೋಯಿತು. ಸೋವಿಯತ್, ಸ್ವೀಡನ್, ಚೆಕೊಸ್ಲೊವಾಕಿಯಾ ಮೂರೂ ಮುಂದೆ ಹೋದವು. ಕೆನಡಾ ನಾಲ್ಕನೆಯದು. ಅಲ್ಲಿಯವರೆಗೆ ಆಡಿದ ಪ್ರತಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಪದಕ ತಂದಿದ್ದ ದೇಶ ಮೊದಲ ಸಲ ಬರಿಗೈಯಲ್ಲಿ ಬಂತು.

ಸೋತವರನ್ನು ದೂರುವುದು ಸುಲಭ. ನನಗೆ ಅದು ನ್ಯಾಯವೆನಿಸುವುದಿಲ್ಲ. ಎರಡು ವರ್ಷದ ಹಿಂದೆ ಗೆದ್ದ ತಂಡದಲ್ಲಿದ್ದ ಹಲವರು, ಅದೇ ಗೋಲಿ, ಅದೇ ಊರು. ಬದಲಾಗಿದ್ದದ್ದು ಎದುರಾಳಿ. ಸೋವಿಯತ್ ಆ ವರ್ಷದಿಂದ 1971ರವರೆಗೆ ಸತತ ಒಂಬತ್ತು ಸಲ ವಿಶ್ವ ಚಾಂಪಿಯನ್ ಆಯಿತು. ಅಂಥ ಯಂತ್ರದ ಎದುರು ಯಾವ ಊರಿನ ಕ್ಲಬ್ಬು ನಿಲ್ಲುತ್ತಿತ್ತು?

ಇಷ್ಟರಲ್ಲೇ ಫಾದರ್ ಡೇವಿಡ್ ಬಾವರ್ ಎಂಬ ಪಾದ್ರಿ ಬೇರೊಂದು ದಾರಿ ತೋರಿಸಿದ್ದರು. ಓದುತ್ತಿರುವ ತರುಣರನ್ನು ವಿಶ್ವವಿದ್ಯಾಲಯದಲ್ಲಿ ಒಟ್ಟಿಗಿಟ್ಟು ಖಾಯಂ ರಾಷ್ಟ್ರೀಯ ತಂಡ ಕಟ್ಟುವುದು. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸಿಗೆ ಹೋದದ್ದು ಆ ತಂಡ, ಗೋಲಿಯಾಗಿ ಸೆತ್ ಮಾರ್ಟಿನ್ ಅದರ ಜೊತೆಗಿದ್ದರು. ಅಲ್ಲಿಗೆ ಅಲನ್ ಕಪ್‌ಗೂ ಕೆನಡಾದ ಅಂಗಿಗೂ ಇದ್ದ ಕೊಂಡಿ ಕಳಚಿತು. ಸಣ್ಣ ಊರಿನ ತಂಡ ಎಷ್ಟೇ ಗೆದ್ದರೂ ಇನ್ನು ಅದು ದೇಶದೊಳಗಿನ ಗೆಲುವಷ್ಟೇ.

ಎರಡನೆಯ ಪೆಟ್ಟು 1967ರಲ್ಲಿ. ಎನ್‌ಎಚ್‌ಎಲ್ ಆರು ತಂಡದಿಂದ ಹನ್ನೆರಡಕ್ಕೆ ಏರಿತು. 1972ರಲ್ಲಿ ಪೈಪೋಟಿಗೆ ಇನ್ನೊಂದು ವೃತ್ತಿಪರ ಲೀಗೂ ಹುಟ್ಟಿತು. ನೂರಿಪ್ಪತ್ತು ಜಾಗ ನೂರಾರು ಜಾಗವಾದವು, ಸೀನಿಯರ್ ಹಾಕಿಯ ಉತ್ತಮರು ಅತ್ತ ಹೋದರು. ಮಾರ್ಟಿನ್‌ರಿಗೂ ಮೂವತ್ತು ದಾಟಿದ ಮೇಲೆ ಕರೆ ಬಂತು. ಹೊಸ ತಂಡ ಸೇಂಟ್ ಲೂಯಿಸ್ ಬ್ಲೂಸ್‌ನಲ್ಲಿ ಗ್ಲೆನ್ ಹಾಲ್ ಎಂಬ ಪ್ರಖ್ಯಾತ ಗೋಲಿಯ ಜೊತೆ 1967-68ರ ಸೀಸನ್ ಆಡಿದರು. ಒಂದೇ ಸೀಸನ್. ಆಮೇಲೆ ಟ್ರೇಲ್‌ಗೆ ವಾಪಸು ಬಂದರು. ಅಲ್ಲಿ ಅವರ ಬದುಕಿತ್ತು.

ಮೂರನೆಯ ಕಾರಣ ಯಾರ ಗಮನಕ್ಕೂ ಬಾರದಂತೆ ಮನೆಯೊಳಗೆ ಬಂದು ಕೂತಿತ್ತು. 1952ರಿಂದಲೇ ಶನಿವಾರದ ರಾತ್ರಿ ಟಿ.ವಿ.ಯಲ್ಲಿ ಎನ್‌ಎಚ್‌ಎಲ್ ಪಂದ್ಯ ತೋರಿಸತೊಡಗಿದ್ದರು. ಬೆಚ್ಚಗೆ ಕೂತು ಜಗತ್ತಿನ ಅತ್ಯುತ್ತಮರ ಆಟ ನೋಡಬಹುದಾದಾಗ, ಚಳಿಯಲ್ಲಿ ನಡೆದು ಅರೀನಾಕ್ಕೆ ಹೋಗುವವರು ವರ್ಷ ವರ್ಷಕ್ಕೆ ಕಡಿಮೆಯಾದರು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಟ್ರೇಲ್ ಆಡುತ್ತಿದ್ದ ಲೀಗೇ ಮುಚ್ಚಿತು, ಸೀನಿಯರ್ ಸ್ಮೋಕ್ ಈಟರ್ಸ್ ಕತೆ ಅಲ್ಲಿಗೆ ನಿಂತಿತು.

ಕೆನಡಾ 1961ರ ನಂತರ ವಿಶ್ವ ಚಾಂಪಿಯನ್ ಆಗಲು 33 ವರ್ಷ ಕಾಯಬೇಕಾಯಿತು. 1970ರಿಂದ ಏಳು ವರ್ಷ ಆ ದೇಶ ಪಂದ್ಯಾವಳಿಗೇ ಹೋಗಲಿಲ್ಲ, ವೃತ್ತಿಪರರನ್ನು ಆಡಿಸಲು ಬಿಡುತ್ತಿಲ್ಲವೆಂಬ ಜಗಳದಲ್ಲಿ. 1977ರಿಂದ ವೃತ್ತಿಪರರಿಗೂ ಬಾಗಿಲು ತೆರೆಯಿತು. ಕೊನೆಗೆ 1994ರಲ್ಲಿ ಇಟಲಿಯ ಮಿಲಾನಿನಲ್ಲಿ ಫಿನ್ಲೆಂಡನ್ನು ಪೆನಾಲ್ಟಿ ಹೊಡೆತಗಳಲ್ಲಿ ಮಣಿಸಿ ಕೆನಡಾ ಮತ್ತೆ ಚಿನ್ನ ಮುಟ್ಟಿತು. ಅದು ಎನ್‌ಎಚ್‌ಎಲ್ ಆಟಗಾರರ ತಂಡ. ಕ್ಲಬ್ ತಂಡವೊಂದು ಕೆನಡಾಕ್ಕೆ ವಿಶ್ವ ಕಿರೀಟ ತಂದದ್ದು ಟ್ರೇಲ್‌ಗೇ ಕೊನೆ.

ಊರಿನಿಂದ ಆಟಗಾರರು ಹೊರಡುವುದು ಮಾತ್ರ ನಿಲ್ಲಲಿಲ್ಲ. 1961ರ ತಂಡದಲ್ಲಿದ್ದ ಆಡಿ ಟಾಂಬೆಲ್ಲಿನಿಯ ಮಗ ಸ್ಟೀವ್ ಎನ್‌ಎಚ್‌ಎಲ್‌ನಲ್ಲಿ ಆಡಿದರು, ಮೊಮ್ಮಗ ಜೆಫ್ ಕೂಡ. ರೇ ಫೆರಾರೊ, ಆಡಮ್ ಡೆಡ್‌ಮಾರ್ಷ್, ಶಾನ್ ಹಾರ್ಕಾಫ್, ಬ್ಯಾರೆಟ್ ಜ್ಯಾಕ್‌ಮನ್ ಎಲ್ಲರೂ ಟ್ರೇಲ್‌ನವರು. ಈಗ ಎಂಟು ಸಾವಿರ ಜನರೂ ಇಲ್ಲದ ಊರು ಅದು.

ಹೆಸರೂ ಉಳಿದಿದೆ. ಸ್ಮೋಕ್ ಈಟರ್ಸ್ ಎಂಬ ಹೆಸರು ಈಗ ಊರಿನ ಜೂನಿಯರ್ ತಂಡದ್ದು. 1995ರಲ್ಲಿ ಅದು ಪ್ರಾಂತ್ಯದ ಜೂನಿಯರ್ ಲೀಗನ್ನು ಸೇರಿತು. ಅಲ್ಲಿ ಆಡುವ ಹುಡುಗರಿಗೆ ಇಪ್ಪತ್ತರ ಮಿತಿ. ಹೆಚ್ಚಿನವರು ಬೇರೆ ಕಡೆಯಿಂದ ಬಂದು ಊರಿನ ಮನೆಗಳಲ್ಲಿ ಉಳಿದುಕೊಂಡು ಆಡುತ್ತಾರೆ, ಕಾಲೇಜು ಹಾಕಿಯತ್ತ ಕಣ್ಣಿಟ್ಟು. ಹಿಂದೆ ಯಾವ ವಯಸ್ಸಿನಲ್ಲಿ ಒಬ್ಬ ತರುಣ ಕುಲುಮೆಯಲ್ಲಿ ಕೆಲಸ ಹಿಡಿದು ಸ್ಮೋಕ್ ಈಟರ್ಸ್ ಅಂಗಿ ತೊಡುತ್ತಿದ್ದನೋ, ಅದೇ ವಯಸ್ಸಿನಲ್ಲಿ ಈಗಿನವನು ಅದನ್ನು ಕಳಚಿಟ್ಟು ಊರು ಬಿಟ್ಟು ಹೊರಡುತ್ತಾನೆ.